ಪಿಶಾಚಿ ಮಾಮನ ಪತ್ರಗಳು

‘ಮಾಮಾ, ನಾ ಇನ್ನ ಚರ್ಚಿಗೆ ಬರೂದಿಲ್ರಿ. ಸುಮ್ನ ನಾಟಕ ಮಾಡೂದು ನನಗ ಆಗೂದಿಲ್ಲ.’

ಐಐಟಿ ಕೋಚಿಂಗ್‌ಗೆಂದು ಧಾರವಾಡದಿಂದ ಬಂದು ನೋಯ್ಡಾದ ನಮ್ಮ ಮನೆಯಲ್ಲಿರುವ ಅಕ್ಕನ ಮಗ ಒಂದು ಭಾನುವಾರ ಬೆಳಿಗ್ಗೆ ಹೀಗೆಂದ. ವಯಸ್ಸು 16. ನಾನು ಎಂ.ಟೆಕ್ ಓದಿದವನು, ದಿನವಿಡೀ ಕೋಡ್‌ನಲ್ಲಿ ತಪ್ಪು ಹುಡುಕುವುದೇ ಕೆಲಸ. ಅವನ ಮಾತಿನಲ್ಲೂ ತಪ್ಪು ಹುಡುಕಲು ಕುಳಿತೆ. ವಿಜ್ಞಾನ, ವಿಶ್ವಾಸ, ತರ್ಕ ಎಂದು ಅರ್ಧ ಗಂಟೆ ಕೊರೆದೆ. ಅವನು ಇಯರ್‌ಫೋನ್ ಹಾಕಿಕೊಂಡ.

ಉಪದೇಶ ಸಾಕೆನಿಸಿ ಕಪಾಟಿನಿಂದ ಒಂದು ಸಣ್ಣ ಪುಸ್ತಕ ತೆಗೆದೆ. ಸಿ.ಎಸ್. ಲೂಯಿಸ್ ಬರೆದ ‘ದ ಸ್ಕ್ರೂಟೇಪ್ ಲೆಟರ್ಸ್’. 1941ರಲ್ಲಿ, ಯುದ್ಧದ ನಡುವೆ, ಇಂಗ್ಲೆಂಡಿನ ಒಂದು ಚರ್ಚ್ ವಾರಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂದು ಮರುವರ್ಷ ಪುಸ್ತಕವಾದದ್ದು. ಸ್ಕ್ರೂಟೇಪ್ ಎಂಬ ಹಿರಿಯ ಪಿಶಾಚಿ ತನ್ನ ಅಳಿಯ ವರ್ಮ್‌ವುಡ್‌ಗೆ ಮನುಷ್ಯನನ್ನು ದಾರಿ ತಪ್ಪಿಸುವುದು ಹೇಗೆಂದು ಬರೆಯುವ 31 ಪತ್ರಗಳು. ಆಗ ಒಬ್ಬ ಪಾದ್ರಿ, ಈ ಸಲಹೆಗಳು ಪೈಶಾಚಿಕವಾಗಿವೆ ಎಂದು ಸಿಟ್ಟಾಗಿ ಪತ್ರಿಕೆಯನ್ನೇ ನಿಲ್ಲಿಸಿದರಂತೆ! ಅದನ್ನು ಲೂಯಿಸ್ ಅವರೇ ಮುನ್ನುಡಿಯಲ್ಲಿ ಹೇಳಿಕೊಂಡಿದ್ದಾರೆ.

‘ಮಾಮ ಅಳಿಯಗ ಬರದ ಪತ್ರ ಅದಾವು. ಆದ್ರ ಮಾಮ ಪಿಶಾಚಿ’ ಎಂದೆ. ಹುಡುಗ ನಕ್ಕ. ರಾತ್ರಿ ಊಟವಾದ ಮೇಲೆ ಒಂದೊಂದೇ ಪತ್ರ ಓದತೊಡಗಿದೆವು.

ಮೊದಲ ಪತ್ರದಲ್ಲೇ ಒಬ್ಬ ನಾಸ್ತಿಕ ಬ್ರಿಟಿಷ್ ಮ್ಯೂಸಿಯಂನಲ್ಲಿ ಓದುತ್ತಾ ಏನೋ ಗಂಭೀರವಾದ ಯೋಚನೆಗೆ ಬೀಳುತ್ತಾನೆ. ಪಿಶಾಚಿ ವಾದಕ್ಕೆ ಇಳಿಯುವುದಿಲ್ಲ. ಊಟದ ಹೊತ್ತಾಯಿತಲ್ಲ ಎಂದು ನೆನಪಿಸುತ್ತದೆ, ಅಷ್ಟೇ. ಅವನು ಹೊರಬಂದು 73ನೇ ನಂಬರಿನ ಬಸ್ ಕಂಡ ಕೂಡಲೇ ಯೋಚನೆ ಮಾಯ. ಅಳಿಯ ಹೊಟ್ಟೆ ಹಿಡಿದು ನಕ್ಕ. ‘ನಮ್ಮ ಪಿಶಾಚಿಗೆ ಬಸ್ ಬ್ಯಾಡ್ರಿ ಮಾಮಾ, ಒಂದು ನೋಟಿಫಿಕೇಷನ್ ಸಾಕು!’

‘ಹಂಗಾರ ನೋಯ್ಡಾ ಪಿಶಾಚಿ ಪತ್ರ ನೀನ ಬರಿ’ ಎಂದೆ. ಎರಡು ದಿನ ಬಿಟ್ಟು ಬರೆದು ತಂದ. ಮೆಟ್ರೊ, ರೀಲ್ಸ್, ಕೋಚಿಂಗ್ ರ‍್ಯಾಂಕ್ ಎಲ್ಲ ಇತ್ತು. ಕೊನೆಯ ಸಾಲಿನಲ್ಲಿ ಪಿಶಾಚಿ ಬರೆದಿತ್ತು: ‘ಹುಡುಗನ ಮಾಮನ ಬಗ್ಗೆ ಚಿಂತೆ ಬೇಡ. ಅವನು ಉತ್ತರ ಕೊಡುತ್ತಾನೆ, ಪ್ರಶ್ನೆ ಕೇಳಿಸಿಕೊಳ್ಳುವುದಿಲ್ಲ. ನಮ್ಮ ಕೆಲಸ ಅವನೇ ಮಾಡುತ್ತಿದ್ದಾನೆ.’

ನಗಲು ಹೋದವನಿಗೆ ನಗು ಬರಲಿಲ್ಲ. ‘ಹಂಗಾರ ಪ್ರಶ್ನಿ ಏನು?’ ಎಂದು ಕೇಳಿದೆ.

‘ಅಜ್ಜಿ ಸಲುವಾಗಿ ನಾ ದಿನಾ ಪ್ರಾರ್ಥನಿ ಮಾಡಿದ್ನಲ್ರಿ.’

2021ರ ಮೇ ತಿಂಗಳು. ಕೋವಿಡ್. ಆಗ ಅವನಿಗೆ 11 ವರ್ಷ. ಅವನ ಅಜ್ಜಿ ಎಂದರೆ ನನ್ನ ಅವ್ವ. ನಾನು ದೆಹಲಿಯಲ್ಲೇ ಸಿಕ್ಕಿಬಿದ್ದಿದ್ದೆ. ಮಣ್ಣಿಗೂ ಹೋಗಲಾಗಲಿಲ್ಲ.

ಲೂಯಿಸ್‌ಗೆ 9 ವರ್ಷವಿದ್ದಾಗ ತಾಯಿ ಕ್ಯಾನ್ಸರ್‌ನಿಂದ ತೀರಿಕೊಂಡರೆಂದೂ, ಅವರು ಉಳಿಯಲೆಂದು ಆ ಹುಡುಗನೂ ಪ್ರಾರ್ಥಿಸಿದ್ದನೆಂದೂ, ಹದಿಹರೆಯದಲ್ಲಿ ನಾಸ್ತಿಕನಾಗಿ 1931ರ ಹೊತ್ತಿಗೆ ಮತ್ತೆ ವಿಶ್ವಾಸಕ್ಕೆ ಮರಳಿದನೆಂದೂ ಹೇಳಿದೆ. ಎಂಟನೆಯ ಪತ್ರ ಓದಿದೆವು. ದೇವರ ಸುಳಿವೇ ಕಾಣದ ಜಗತ್ತಿನಲ್ಲಿ, ಯಾಕೆ ಕೈಬಿಟ್ಟೆ ಎಂದು ಕೇಳುತ್ತಲೇ ದೇವರ ಮಾತಿನಂತೆ ನಡೆಯುವವನನ್ನು ಕಂಡರೆ ಪಿಶಾಚಿಗೆ ಎಲ್ಲಕ್ಕಿಂತ ಹೆಚ್ಚು ಭಯವಂತೆ. ಹುಡುಗ ಬಹಳ ಹೊತ್ತು ಮಾತಾಡಲಿಲ್ಲ.

‘ನಿನ್ನ ಪ್ರಶ್ನಿಗೆ ನನ್ನ ಹತ್ರ ಉತ್ತರ ಇಲ್ಲಪಾ. ನನಗೂ ಸಿಟ್ಟು ಐತಿ’ ಎಂದೆ. ಆ ಮಾತನ್ನು ನಾನು ಯಾರೆದುರೂ ಆಡಿರಲಿಲ್ಲ.

ದೇವರ ವಿಷಯದಲ್ಲಿ ನಗುವುದು ನಮಗೇನೂ ಹೊಸದಲ್ಲ. ನಮ್ಮ ದಾಸರು ನಿಂದಾಸ್ತುತಿಯಲ್ಲಿ ದೇವರನ್ನೇ ಬೈದು ಹಾಡಿದವರು. ಬೈಯಲು ಸಲುಗೆ ಬೇಕು. ಹದಿಹರೆಯದ ಮಕ್ಕಳಿಗೆ ನಾವು ಆ ಸಲುಗೆಯನ್ನೇ ಕೊಡುವುದಿಲ್ಲ. ಊರಲ್ಲಾದರೆ ಅಜ್ಜಿ, ಕಾಕಾ, ಓಣಿಯವರು ಯಾರಾದರೂ ಕಿವಿಗೊಡುತ್ತಿದ್ದರು. ಇಲ್ಲಿ ಹದಿನಾಲ್ಕನೇ ಮಹಡಿಯಲ್ಲಿ ನಾವಷ್ಟೇ. ಯಾವ ಧರ್ಮದ ಮನೆಯಾದರೂ ಇರಲಿ, ಮಕ್ಕಳ ಜತೆ ನಗಿಸುವ ಕಥೆಯೊಂದನ್ನು ಓದಿ ನೋಡಿ. ನಗು ಮುಗಿದ ಮೇಲೆ ನೀತಿ ಹೇಳಲು ಹೋಗಬೇಡಿ, ಸುಮ್ಮನೆ ಕುಳಿತಿರಿ.

ಮೊನ್ನೆ ಭಾನುವಾರ ನಾನು ಶೂ ಹಾಕಿಕೊಳ್ಳುತ್ತಿದ್ದಾಗ ಅವನು ಬಾಗಿಲಿಗೆ ಬಂದ. ‘ಇವತ್ತೂ ನಾ ಬರೂದಿಲ್ರಿ ಮಾಮಾ. ಆದ್ರ ಅಜ್ಜಿ ಹಾಡ್ತಿದ್ದ ರಾಗ ಬಂದ್ರ ಫೋನಿನ್ಯಾಗ ರೆಕಾರ್ಡ್ ಮಾಡ್ಕೊಂಡು ಬರ‍್ರಿ.’

ಬಂತು. ದೆಹಲಿಯಲ್ಲಿ ಭಾಷೆ ಬೇರೆ, ರಾಗ ಅದೇ. ರೆಕಾರ್ಡ್ ಮಾಡಿಕೊಂಡು ಬಂದೆ.