ಜ್ಞಾನಜ್ಯೋತಿ ಬೇರೆ, ಜ್ಞಾನಭಾರತಿ ಬೇರೆ: ರಾಮನಗರದಿಂದ ವಿಚಾರ ಸಂಕಿರಣಕ್ಕೆ ಹೋಗುವ ದಾರಿ

ಬೆಂಗಳೂರಿನಲ್ಲಿ ನಡೆದ ಎರಡು ದಿನಗಳ ವಾಣಿಜ್ಯ ವಿಚಾರ ಸಂಕಿರಣಕ್ಕೆ ನಮ್ಮ ಕಾಲೇಜಿನಿಂದ ಎರಡು ತಂಡಗಳು ಹೋಗಿದ್ದೆವು. ಪಿಯು ವಿದ್ಯಾರ್ಥಿಗಳಿಗೆ ಅಲ್ಲಿ ಪೋಸ್ಟರ್ ವಿಭಾಗ ಇತ್ತು. ಅಲ್ಲಿ ಏನೇನು ಕೇಳಿದೆವು ಎಂಬುದನ್ನು ನನ್ನ ಗೆಳತಿ ಬರೆಯುತ್ತಿದ್ದಾಳೆ. ಅಲ್ಲಿಗೆ ಹೋಗುವುದು ಹೇಗೆ ಎಂದು ನಾನು ಬರೆಯುತ್ತೇನೆ. ಯಾಕೆಂದರೆ ಮೊದಲ ದಿನ ಎಲ್ಲರಿಗೂ ದಾರಿ ತಪ್ಪಿಸಿದವಳು ನಾನೇ.

ನಮ್ಮ ತಂಡದಲ್ಲಿ ನಾವು ಮೂವರು ಹುಡುಗಿಯರು. ಮೇಡಂ ಬೆಂಗಳೂರಿನಲ್ಲೇ ಇರುವುದರಿಂದ ನೇರವಾಗಿ ಅಲ್ಲಿಗೆ ಬರುತ್ತೇನೆ ಎಂದಿದ್ದರು. ಮನೆಯವರು ಯಾರೂ ಜೊತೆಗಿಲ್ಲದೆ ನಾನು ಬೆಂಗಳೂರಿಗೆ ಹೊರಟದ್ದು ಅದೇ ಮೊದಲು. ಅಬ್ಬಾ ಎರಡು ಷರತ್ತು ಹಾಕಿದ್ದರು. ಮಗ್ರಿಬ್‌ಗೆ ಮೊದಲು ಮನೆಗೆ ಬರಬೇಕು, ಕೊಟ್ಟ ದುಡ್ಡಿಗೆ ಹಿಸಾಬ್ ಕೊಡಬೇಕು. ಮೊದಲ ದಿನ ಸರಿಯಾಗಿ ಹೋಗಿ ಬಂದರೆ ಮಾತ್ರ ಎರಡನೇ ದಿನದ ಮಾತು.

ಸುತ್ತೋಲೆಯಲ್ಲಿ ಎಲ್ಲವೂ ಸ್ಪಷ್ಟವಾಗಿಯೇ ಇತ್ತು. ಮೊದಲ ದಿನ ಉದ್ಘಾಟನೆ ಮತ್ತು ಪೋಸ್ಟರ್ ಪ್ರದರ್ಶನ ಸೆಂಟ್ರಲ್ ಕಾಲೇಜು ಆವರಣದ ಜ್ಞಾನಜ್ಯೋತಿ ಸಭಾಂಗಣದಲ್ಲಿ. ಎರಡನೇ ದಿನದ ಗೋಷ್ಠಿಗಳು ಜ್ಞಾನಭಾರತಿ ಕ್ಯಾಂಪಸ್ಸಿನಲ್ಲಿ. ಒಂದು ಇರುವುದು ಬೆಂಗಳೂರಿನ ನಡುಮಧ್ಯದಲ್ಲಿ, ಇನ್ನೊಂದು ಮೈಸೂರು ರಸ್ತೆಯಲ್ಲಿ, ನಮ್ಮ ಕಡೆಗೆ. ನಾನು ‘ಜ್ಞಾನ’ ಎಂಬಷ್ಟನ್ನು ಓದಿ, ‘ವಿಶ್ವವಿದ್ಯಾಲಯ ಅಂದರೆ ಜ್ಞಾನಭಾರತಿ ತಾನೆ’ ಅಂದುಕೊಂಡು ನೋಟ್‌ಬುಕ್ಕಿನಲ್ಲಿ ಎರಡೂ ದಿನಕ್ಕೆ ಒಂದೇ ಹೆಸರು ಬರೆದುಕೊಂಡೆ. ಉಳಿದಿಬ್ಬರು ನನ್ನ ನೋಟ್‌ಬುಕ್ ನಂಬಿದರು.

ಈ ಗೊಂದಲ ಬೇರೆಯವರಿಗೂ ಆಗಬಹುದು. ಬೆಂಗಳೂರು ವಿಶ್ವವಿದ್ಯಾಲಯ 1964ರಲ್ಲಿ ಶುರುವಾದಾಗ ಸೆಂಟ್ರಲ್ ಕಾಲೇಜು ಅದರ ಭಾಗವಾಗಿತ್ತು. ಜ್ಞಾನಭಾರತಿ ಕ್ಯಾಂಪಸ್ ಬಂದದ್ದು ಆಮೇಲೆ. ಈಗ ಆ ವಿಶ್ವವಿದ್ಯಾಲಯ ಮೂರು ಭಾಗವಾಗಿದೆ. ಸೆಂಟ್ರಲ್ ಕಾಲೇಜಿನಲ್ಲಿರುವುದು ಬೆಂಗಳೂರು ನಗರ ವಿಶ್ವವಿದ್ಯಾಲಯ, ಜ್ಞಾನಭಾರತಿಯಲ್ಲಿರುವುದು ಬೆಂಗಳೂರು ವಿಶ್ವವಿದ್ಯಾಲಯ, ಕೋಲಾರದ ಕಡೆ ಬೆಂಗಳೂರು ಉತ್ತರ ವಿಶ್ವವಿದ್ಯಾಲಯ. ಆದ್ದರಿಂದ ‘ಯೂನಿವರ್ಸಿಟಿಗೆ ಹೋಗಬೇಕು’ ಎಂದು ಯಾರನ್ನಾದರೂ ಕೇಳಿದರೆ ಅವರು ತಮಗೆ ಗೊತ್ತಿರುವ ಯೂನಿವರ್ಸಿಟಿಗೆ ಕಳಿಸುತ್ತಾರೆ. ಸಭಾಂಗಣದ ಹೆಸರು, ಆವರಣದ ಹೆಸರು, ಹತ್ತಿರದ ಮೆಟ್ರೊ ನಿಲ್ದಾಣದ ಹೆಸರು, ಈ ಮೂರನ್ನೂ ಬರೆದುಕೊಂಡೇ ಹೊರಡಿ.

ಈಗ ರೈಲೋ ಬಸ್ಸೋ ಎಂಬ ಪ್ರಶ್ನೆ. ಹುಡುಗಿಯರಿಗೆ ಬಸ್ಸು ಉಚಿತ. ಶಕ್ತಿ ಯೋಜನೆ 2023ರ ಜೂನ್ 11ರಿಂದ ಇದೆ. ಕೆಎಸ್‌ಆರ್‌ಟಿಸಿಯ ಸಾಮಾನ್ಯ ಬಸ್ಸಿಗೂ ಬಿಎಂಟಿಸಿಯ ಸಾಮಾನ್ಯ ಬಸ್ಸಿಗೂ ಅದು ಅನ್ವಯಿಸುತ್ತದೆ. ರಾಜಹಂಸ, ಐರಾವತ, ವಜ್ರದಂಥವಕ್ಕೆ ಇಲ್ಲ. ಆಧಾರ್ ತೋರಿಸಿ ಶೂನ್ಯ ಟಿಕೆಟ್ ತೆಗೆದುಕೊಳ್ಳಲೇಬೇಕು. ಉಚಿತ ಎಂದು ಟಿಕೆಟ್ ಇಲ್ಲದೆ ಕೂರುವಂತಿಲ್ಲ. ರೈಲಿಗೆ ಮತ್ತು ಮೆಟ್ರೊಗೆ ಶಕ್ತಿ ಇಲ್ಲ, ದುಡ್ಡು ಕೊಡಬೇಕು. ಹಾಗಿದ್ದರೂ ನಾವು ರೈಲನ್ನೇ ಆರಿಸಿಕೊಂಡೆವು. ಬೆಳಿಗ್ಗೆ ಕೆಂಗೇರಿ ದಾಟಿದ ಮೇಲೆ ಮೈಸೂರು ರಸ್ತೆಯಲ್ಲಿ ಬಸ್ಸು ಎಷ್ಟು ಹೊತ್ತು ನಿಲ್ಲುತ್ತದೆ ಎಂದು ಯಾರೂ ಹೇಳಲಾರರು. ಅರ್ಥಶಾಸ್ತ್ರದ ಪಾಠದಲ್ಲಿ ಅವಕಾಶ ವೆಚ್ಚ ಎಂದು ಓದುತ್ತೇವಲ್ಲ, ಅದು ನನಗೆ ಅರ್ಥವಾದದ್ದು ರಾಮನಗರ ಸ್ಟೇಷನ್ನಿನ ಟಿಕೆಟ್ ಕೌಂಟರಿನಲ್ಲಿ. ಹುಡುಗರಿಗಂತೂ ಲೆಕ್ಕ ಇನ್ನೂ ಸುಲಭ. ಪ್ಯಾಸೆಂಜರ್ ರೈಲಿನ ಟಿಕೆಟ್ ಬಸ್ ಟಿಕೆಟ್ಟಿಗಿಂತ ತುಂಬ ಕಡಿಮೆ.

ರೈಲಿನಲ್ಲಿ ಕೂರಲು ಜಾಗ ಸಿಗುತ್ತದೆ ಎಂದುಕೊಳ್ಳಬೇಡಿ. ಬೆಳಗಿನ ಗಾಡಿ ಮಂಡ್ಯ, ಮದ್ದೂರು, ಚನ್ನಪಟ್ಟಣದಲ್ಲೇ ತುಂಬಿಕೊಂಡು ಬರುತ್ತದೆ. ನಮಗಿದ್ದ ಚಿಂತೆ ನಿಲ್ಲುವುದಲ್ಲ, ಪೋಸ್ಟರ್. ಒಂದು ಚಿಕ್ಕ ಫಿಲೇಚರಿನ ಒಂದು ವಾರದ ಜಮಾ ಖರ್ಚನ್ನು ನಾವು ದೊಡ್ಡ ಚಾರ್ಟಿನಲ್ಲಿ ಬರೆದಿದ್ದೆವು: ಗೂಡಿಗೆ ಎಷ್ಟು, ಸೌದೆಗೆ ಎಷ್ಟು, ಕೂಲಿಗೆ ಎಷ್ಟು, ನೂಲು ಮಾರಿದಾಗ ಕೈಗೆ ಬಂದದ್ದು ಎಷ್ಟು. ಅಬ್ಬಾ ಕೆಲಸ ಮಾಡುವ ಕಡೆಯ ಲೆಕ್ಕವೇ ಅದು. ಚಾರ್ಟನ್ನು ಸುತ್ತಿ ಬರೀ ರಬ್ಬರ್ ಬ್ಯಾಂಡ್ ಹಾಕಿದರೆ ಆ ನೂಕುನುಗ್ಗಲಿನಲ್ಲಿ ಸೊಟ್ಟಗಾಗುತ್ತದೆ. ಭಾಯಿಜಾನ್ ಪ್ಲಂಬಿಂಗ್ ಕೆಲಸದಲ್ಲಿ ಉಳಿದ ಒಂದು ಪಿವಿಸಿ ಪೈಪ್ ತಂದುಕೊಟ್ಟರು. ಚಾರ್ಟ್ ಅದರೊಳಗೆ ಹೋಯಿತು. ಮೆಟ್ರೊದ ಸ್ಕ್ಯಾನರಿನ ಹತ್ತಿರ ಸೆಕ್ಯುರಿಟಿಯವರು ಎರಡು ಕಡೆಯೂ ಪೈಪ್ ತೆರೆಸಿ ನೋಡಿದರು. ಅದಕ್ಕೆ ಎರಡು ನಿಮಿಷ ಹೆಚ್ಚು ಇಟ್ಟುಕೊಳ್ಳಿ.

ಮೊದಲ ದಿನ ನಾವು ಮಾಡಿದ್ದು ಹೀಗೆ. ಕೆಂಗೇರಿಯಲ್ಲಿ ರೈಲು ಇಳಿದೆವು. ನಡೆದು ಕೆಂಗೇರಿ ಬಸ್ ಟರ್ಮಿನಲ್ ಮೆಟ್ರೊ ನಿಲ್ದಾಣಕ್ಕೆ ಹೋದೆವು. ಟೋಕನ್ ತೆಗೆದುಕೊಂಡು, ಪಟ್ಟಣಗೆರೆ ದಾಟಿ ಜ್ಞಾನಭಾರತಿಯಲ್ಲಿ ಇಳಿದೆವು. ಎಲ್ಲವೂ ಎಷ್ಟು ಸಲೀಸಾಗಿ ಆಯಿತೆಂದರೆ ನನಗೆ ನನ್ನ ಮೇಲೆಯೇ ಹೆಮ್ಮೆ ಬಂದಿತ್ತು. ಒಂಬತ್ತು ಗಂಟೆಗೆ ಕ್ಯಾಂಪಸ್ ಗೇಟಿನ ಹತ್ತಿರ ಜ್ಞಾನಜ್ಯೋತಿ ಎಲ್ಲಿ ಎಂದು ಕೇಳಿದಾಗ, ಅಲ್ಲಿದ್ದ ಒಬ್ಬ ಆಂಟಿ ಪೈಪನ್ನೂ ನಮ್ಮನ್ನೂ ನೋಡಿ, “ಅದು ಇಲ್ಲಲ್ಲಮ್ಮಾ, ಸೆಂಟ್ರಲ್ ಕಾಲೇಜಲ್ಲಿ. ಮೆಜೆಸ್ಟಿಕ್ ಆದ್ಮೇಲೆ” ಅಂದರು. ಒಂಬತ್ತೂವರೆಗೆ ಪೋಸ್ಟರ್ ಅಂಟಿಸಿರಬೇಕಿತ್ತು. ಹನ್ನೊಂದಕ್ಕೆ ತೀರ್ಪುಗಾರರು ಬರುವವರಿದ್ದರು.

ನಮ್ಮ ಅದೃಷ್ಟಕ್ಕೆ ಎರಡೂ ನೇರಳೆ ಮಾರ್ಗದಲ್ಲೇ ಇವೆ. ಗಾಡಿ ಬದಲಿಸುವ ಅಗತ್ಯವಿಲ್ಲ. ಆದರೆ ಪ್ಲಾಟ್‌ಫಾರ್ಮ್ ನೋಡಿಕೊಳ್ಳಬೇಕು. ಮೆಟ್ರೊದಲ್ಲಿ ದಿಕ್ಕನ್ನು ಕೊನೆಯ ನಿಲ್ದಾಣದ ಹೆಸರಿನಿಂದ ಹೇಳುತ್ತಾರೆ. ಊರೊಳಗೆ ಹೋಗಲು ವೈಟ್‌ಫೀಲ್ಡ್ ಕಾಡುಗೋಡಿ ಕಡೆಯದು, ನಮ್ಮ ಕಡೆ ವಾಪಸು ಬರಲು ಚಲ್ಲಘಟ್ಟ ಕಡೆಯದು. ಜ್ಞಾನಭಾರತಿಯಿಂದ ಎಣಿಸಿದರೆ ಹನ್ನೊಂದನೆಯದು ಸೆಂಟ್ರಲ್ ಕಾಲೇಜಿನ ನಿಲ್ದಾಣ. ಫಲಕದಲ್ಲಿ ಸರ್ ಎಂ. ವಿಶ್ವೇಶ್ವರಯ್ಯ ನಿಲ್ದಾಣ ಎಂದಿರುತ್ತದೆ. ಬರೀ ಸೆಂಟ್ರಲ್ ಕಾಲೇಜ್ ಎಂದು ಹುಡುಕುತ್ತಾ ಕೂತರೆ ದಾಟಿ ಹೋಗುತ್ತೀರಿ. ಮಾಗಡಿ ರಸ್ತೆ ಆದ ಮೇಲೆ ಗಾಡಿ ನೆಲದೊಳಗೆ ಇಳಿಯುತ್ತದೆ. ಅಲ್ಲಿಂದ ಸಿಟಿ ರೈಲ್ವೆ ಸ್ಟೇಷನ್, ಮೆಜೆಸ್ಟಿಕ್, ಆಮೇಲೆ ಇದೇ. ಮೆಜೆಸ್ಟಿಕ್‌ನಲ್ಲಿ ಅರ್ಧ ಗಾಡಿ ಇಳಿಯುತ್ತದೆ. ಬಾಗಿಲ ಹತ್ತಿರ ನಿಂತಿದ್ದರೆ ನಿಮ್ಮನ್ನೂ ಇಳಿಸಿಬಿಡುತ್ತಾರೆ, ಸ್ವಲ್ಪ ಒಳಗೆ ನಿಲ್ಲಿ. ಇಳಿದ ಮೇಲೆ ಮೇಲಕ್ಕೆ ಹೋಗುವ ಮುಂಚೆಯೇ ಯಾವ ದ್ವಾರ ಎಂದು ಸಿಬ್ಬಂದಿಯನ್ನು ಕೇಳಿ. ತಪ್ಪು ದ್ವಾರದಲ್ಲಿ ಹೊರಬಂದರೆ ಆ ಟ್ರಾಫಿಕ್ಕಿನಲ್ಲಿ ರಸ್ತೆ ದಾಟಬೇಕಾಗುತ್ತದೆ. ಸಭಾಂಗಣ ನಡೆಯುವಷ್ಟು ದೂರದಲ್ಲೇ ಇದೆ.

ಸರಿಯಾದ ದಾರಿ ಇದಕ್ಕಿಂತ ಸುಲಭವಿತ್ತು ಎಂಬುದು ಆಮೇಲೆ ಗೊತ್ತಾಯಿತು. ಕೆಂಗೇರಿಯಲ್ಲಿ ಇಳಿಯದೆ ಅದೇ ರೈಲಿನಲ್ಲಿ ಬೆಂಗಳೂರು ಸಿಟಿ ಸ್ಟೇಷನ್ನಿನವರೆಗೆ ಕೂತಿದ್ದರೆ, ಅಲ್ಲಿಂದ ಮೆಟ್ರೊದಲ್ಲಿ ಎರಡೇ ನಿಲ್ದಾಣ.

ನಾವು ತಲುಪಿದಾಗ ಹತ್ತೂ ಕಾಲು. ಮೇಡಂ ಬಾಗಿಲಲ್ಲೇ ನಿಂತಿದ್ದರು, ಬೈಯಲಿಲ್ಲ, ಪಿನ್ನಿನ ಡಬ್ಬಿ ಕೊಟ್ಟರು. ನಮಗೆ ಕೊಟ್ಟಿದ್ದ ಬೋರ್ಡ್ ಖಾಲಿಯೇ ಇತ್ತು. ತೀರ್ಪುಗಾರರೊಬ್ಬರು ಸೌದೆಯ ಸಾಲಿನ ಮೇಲೆ ಬೆರಳಿಟ್ಟು, ಇದು ಮಳೆಗಾಲದಲ್ಲೂ ಇಷ್ಟೇ ಇರುತ್ತದಾ ಎಂದು ಕೇಳಿದರು. ಇರುವುದಿಲ್ಲ. ಅದು ನನಗೆ ಗೊತ್ತಿತ್ತು, ಆದರೆ ಚಾರ್ಟಿನಲ್ಲಿ ಬರೆದಿರಲಿಲ್ಲ. ಬಹುಮಾನ ಬರಲಿಲ್ಲ, ಆ ಪ್ರಶ್ನೆ ಮಾತ್ರ ಜೊತೆಗೆ ಬಂತು. ಇನ್ನೊಂದು ವಿಷಯ: ಸಿ.ವಿ. ರಾಮನ್ ತಮ್ಮ ಸಂಶೋಧನೆಯ ಬಗ್ಗೆ 1928ರ ಮಾರ್ಚ್ 16ರಂದು ಉಪನ್ಯಾಸ ಕೊಟ್ಟದ್ದು ಬೆಂಗಳೂರಿನ ಇದೇ ಸೆಂಟ್ರಲ್ ಕಾಲೇಜಿನಲ್ಲಿ. ಹೋದವರು ಆ ಹಳೆಯ ಕಟ್ಟಡಗಳನ್ನು ನೋಡದೆ ಬರಬೇಡಿ. ನಮಗೆ ಸಮಯವಿರಲಿಲ್ಲ.

ಸಂಜೆ ಬೆಳಕಿರುವಾಗಲೇ ಮನೆ ಸೇರಿದೆ. ದಾರಿ ತಪ್ಪಿದ್ದನ್ನು ಮನೆಯಲ್ಲಿ ಹೇಳಬೇಡ ಎಂದು ಗೆಳತಿಯರು ಹೇಳಿದ್ದರು. ಆದರೆ ಹಿಸಾಬ್‌ನಲ್ಲಿ ಹೋಗುವಾಗಿನ ಮೆಟ್ರೊ ಎರಡು ಸಲ ಬಂದಿತ್ತು. ಒಂದನ್ನು ಅಳಿಸಿದರೆ ಮೊತ್ತ ತಾಳೆಯಾಗುವುದಿಲ್ಲ. ವಾಣಿಜ್ಯ ಓದುವ ನನಗೆ ಅದು ಮನಸ್ಸಿಗೂ ಒಪ್ಪಲಿಲ್ಲ. ಅಬ್ಬಾ ಆ ಸಾಲಿನ ಮೇಲೆಯೇ ನಿಂತರು. ಹೇಳಿಬಿಟ್ಟೆ. ಅಮ್ಮಿ ಅಡುಗೆ ಮನೆಯಿಂದ ಇಣುಕಿ ನೋಡಿದರು. ಅಬ್ಬಾ ಸ್ವಲ್ಪ ಹೊತ್ತು ಮಾತನಾಡಲಿಲ್ಲ. ಆಮೇಲೆ ನಾಳೆಯ ದಾರಿಯನ್ನು ಒಂದು ಹಾಳೆಯಲ್ಲಿ ಬರೆ, ಉರ್ದುವಿನಲ್ಲಿ ಬರೆ ಎಂದರು. ಅಬ್ಬಾಗೆ ಕನ್ನಡ ಮಾತು ಚೆನ್ನಾಗಿ ಬರುತ್ತದೆ, ಗೂಡಿನ ಮಾರುಕಟ್ಟೆಯಲ್ಲಿ ದಿನವೂ ಅದೇ. ಓದುವುದು ಮಾತ್ರ ಉರ್ದು. ನಾನು ಒಂದೊಂದೇ ನಿಲ್ದಾಣದ ಹೆಸರನ್ನು ಬರೆದೆ. ಪಟ್ಟಣಗೆರೆಯ ‘ಣ’ಗೆ ಉರ್ದುವಿನಲ್ಲಿ ಅಕ್ಷರವಿಲ್ಲ, ‘ನ’ ಹಾಕಿದೆ.

ಎರಡನೇ ದಿನ ಪ್ರತಿ ಕಡೆಯೂ ಫೋನ್ ಮಾಡುತ್ತಾ ಹೋದೆ, ಅಬ್ಬಾ ಫಿಲೇಚರಿನಲ್ಲಿ ಕೂತು ಹಾಳೆಯಲ್ಲಿ ಗುರುತು ಹಾಕುತ್ತಾ ಹೋದರು. ಹಿಂದಿನ ದಿನ ತಪ್ಪಾಗಿದ್ದ ದಾರಿಯೇ ಆ ದಿನ ಸರಿಯಾದ ದಾರಿ: ಕೆಂಗೇರಿಯಲ್ಲಿ ಇಳಿದು ಮೆಟ್ರೊ ಹತ್ತಿ ಜ್ಞಾನಭಾರತಿ. ಅದೇ ಹೆಸರಿನ ರೈಲ್ವೆ ಹಾಲ್ಟ್ ಕೂಡ ಇದೆ, ಆದರೆ ಎಲ್ಲ ರೈಲುಗಳೂ ಅಲ್ಲಿ ನಿಲ್ಲುವುದಿಲ್ಲ. ಅದನ್ನು ನಂಬಿಕೊಂಡು ಹೊರಡಬೇಡಿ.

ಇಲ್ಲಿ ಕಷ್ಟ ಇರುವುದು ಮೆಟ್ರೊ ಇಳಿದ ಮೇಲೆ. ಕ್ಯಾಂಪಸ್ ಸಾವಿರ ಎಕರೆಗೂ ದೊಡ್ಡದು. ಗೇಟಿಗೆ ಬಂದರೆ ಬಂದ ಹಾಗಲ್ಲ. ಮರಗಳ ನೆರಳಿದೆ, ನಡೆಯಲು ಚೆನ್ನಾಗಿದೆ, ಆದರೆ ವಿಭಾಗಗಳು ದೂರ ದೂರ. ಒಳಗಿನ ರಸ್ತೆಯಲ್ಲಿ ಬಿಎಂಟಿಸಿ ಬಸ್ಸುಗಳು ಓಡುತ್ತವೆ. ಹತ್ತುವ ಮುಂಚೆ ಕಂಡಕ್ಟರಿಗೆ ವಿಭಾಗದ ಹೆಸರು ಹೇಳಿ ಕೇಳಿ. ಬಸ್ಸಿನ ನಂಬರನ್ನು ಪೂರ್ತಿ ಓದಿ. ನಂಬರ್ ಒಂದೇ ಇದ್ದು ಹಿಂದಿನ ಅಕ್ಷರ ಬದಲಾದರೆ ದಾರಿಯೂ ಬದಲಾಗುತ್ತದೆ. ಹೆಂಗಸರು ಮುಂದಿನ ಬಾಗಿಲಲ್ಲಿ ಹತ್ತಬೇಕು. ನಾವು ಹೋಗುವಾಗ ಬಸ್ಸಿಗೆ ಕಾದೆವು, ಊಟದ ನಂತರ ಬೇರೆ ಕಟ್ಟಡದ ಗೋಷ್ಠಿಗೆ ನಡೆದೇ ಹೋಗಿ ಮೊದಲ ಭಾಷಣ ತಪ್ಪಿಸಿಕೊಂಡೆವು. ನಿಮ್ಮ ಗೋಷ್ಠಿಗಳು ಯಾವ ಯಾವ ಕಟ್ಟಡದಲ್ಲಿವೆ ಎಂದು ಬೆಳಿಗ್ಗೆ ಹೆಸರು ನೋಂದಾಯಿಸುವ ಮೇಜಿನಲ್ಲೇ ಕೇಳಿಟ್ಟುಕೊಳ್ಳಿ.

ದುಡ್ಡಿನ ವಿಷಯ. 2025ರ ಫೆಬ್ರುವರಿಯಲ್ಲಿ ಮೆಟ್ರೊ ದರ ಏರಿತು: ಕನಿಷ್ಠ 10 ರೂಪಾಯಿ, ಗರಿಷ್ಠ 90. ಸ್ಮಾರ್ಟ್ ಕಾರ್ಡಿಗೆ ಶೇ 5 ರಿಯಾಯಿತಿ ಇದೆ, ಆದರೆ ಒಬ್ಬರ ಕಾರ್ಡಿನಲ್ಲಿ ಒಬ್ಬರೇ ಹೋಗಬಹುದು. ಎರಡು ದಿನಕ್ಕೆ ಟೋಕನ್ನೇ ಸಾಕು. ಟೋಕನ್ನನ್ನು ಪರ್ಸಿನ ತಳಕ್ಕೆ ಹಾಕಬೇಡಿ, ಹೊರಗೆ ಬರುವಾಗ ಗೇಟಿಗೆ ಹಾಕಬೇಕು, ಹಿಂದೆ ಜನ ಕಾಯುತ್ತಿರುತ್ತಾರೆ.

ವಾಪಸು ಬರುವ ರೈಲನ್ನು ಹೋಗುವ ರೈಲಿಗಿಂತ ಮೊದಲು ಬರೆದಿಟ್ಟುಕೊಳ್ಳಿ. ಸಮಾರೋಪ ಸಮಾರಂಭಗಳು ಹೇಳಿದ ಹೊತ್ತಿಗೆ ಮುಗಿಯುವುದಿಲ್ಲ. ನಾವು ಪ್ರಮಾಣಪತ್ರವನ್ನು ಮೇಡಂ ಕೈಗೆ ಕೊಡಿ ಎಂದು ಹೇಳಿ ನಾಲ್ಕೂ ಕಾಲಿಗೆ ಎದ್ದು ಬಂದೆವು. ರೈಲು ತಪ್ಪಿದರೆ ಕೆಂಗೇರಿಯಿಂದಲೇ ಬಸ್ಸು ಇದೆ. ಆದರೆ ರಾಮನಗರದ ಒಳಗೆ ಹೋಗುತ್ತದಾ ಎಂದು ಕೇಳಿಯೇ ಹತ್ತಿ. ಮೈಸೂರು ಎಕ್ಸ್‌ಪ್ರೆಸ್‌ ವೇ ಹಿಡಿಯುವ ಬಸ್ಸು ನಮ್ಮ ಊರನ್ನು ಪಕ್ಕದಲ್ಲೇ ಬಿಟ್ಟು ಹೋಗುತ್ತದೆ.

ಆ ಹಾಳೆ ಈಗ ವಾಣಿಜ್ಯ ವಿಭಾಗದ ಕಪಾಟಿನಲ್ಲಿದೆ. ಒಂದು ಬದಿ ಕನ್ನಡ, ಇನ್ನೊಂದು ಬದಿ ಉರ್ದು, ಅದರ ಮೇಲೆ ಅಬ್ಬಾ ಹಾಕಿದ ಗುರುತುಗಳು ಹಾಗೇ ಇವೆ. ಮುಂದಿನ ಸಲ ಹೋಗುವವರು ಮೇಡಂ ಹತ್ತಿರ ಕೇಳಿ ಜೆರಾಕ್ಸ್ ಮಾಡಿಸಿಕೊಳ್ಳಬಹುದು. ಪಿವಿಸಿ ಪೈಪ್ ಕೂಡ ಅಲ್ಲೇ ಇದೆ.