ಮುಂದಕ್ಕೆ ಕಳುಹಿಸುವ ಮುನ್ನ

ಬೀದಿಯಲ್ಲಿ ಹುಡುಗರು ಕ್ರಿಕೆಟ್ ಆಡುತ್ತಿದ್ದಾರೆ. ಮೋಟಾರು ಬೈಕಿನಲ್ಲಿ ಇಬ್ಬರು ಬರುತ್ತಾರೆ. ಹಿಂದೆ ಕುಳಿತವನು ಬಾಲಕನೊಬ್ಬನನ್ನು ಸರಕ್ಕನೆ ಎತ್ತಿಕೊಳ್ಳುತ್ತಾನೆ. ಕಣ್ಣೆವೆ ಇಕ್ಕುವಷ್ಟರಲ್ಲಿ ಬೈಕು ಮರೆಯಾಗುತ್ತದೆ. ೨೦೧೮ರಲ್ಲಿ ವಾಟ್ಸಾಪಿನ ಮೂಲಕ ಮನೆಮನೆಯನ್ನು ಹೊಕ್ಕ ಈ ಚಿತ್ರದ ತುಣುಕನ್ನು ಕಂಡು ಎದೆ ನಡುಗದ ತಾಯಂದಿರು ವಿರಳ. ಮಕ್ಕಳ ಕಳ್ಳರು ಸಮೀಪದಲ್ಲೇ ಸುಳಿಯುತ್ತಿದ್ದಾರೆಂಬ ಒಕ್ಕಣೆಯೂ ಅದರ ಜೊತೆಗಿರುತ್ತಿತ್ತು.

ನಿಜಸಂಗತಿ ಬೇರೆಯೇ ಆಗಿತ್ತು. ಕಾಣೆಯಾದ ಮಕ್ಕಳಿಗಾಗಿ ದುಡಿಯುವ ಕರಾಚಿಯ ರೋಶ್ನಿ ಎಂಬ ಸಂಸ್ಥೆ, ಪಾಲಕರನ್ನು ಎಚ್ಚರಿಸಲೆಂದು ಸಿದ್ಧಪಡಿಸಿದ ಪುಟ್ಟ ಚಿತ್ರವದು. ಕೊನೆಯಲ್ಲಿ ಅದೇ ಬೈಕು ಮರಳಿ ಬಂದು ಬಾಲಕನನ್ನು ಇಳಿಸುತ್ತದೆ. ಸವಾರರು ಎಚ್ಚರಿಕೆಯ ಫಲಕವನ್ನು ಎತ್ತಿ ಹಿಡಿಯುತ್ತಾರೆ. ಯಾರೋ ಪುಣ್ಯಾತ್ಮರು ಆ ಕೊನೆಯನ್ನಷ್ಟೇ ಕತ್ತರಿಸಿದ್ದರು!

ಆ ವರ್ಷದ ಮೇ ತಿಂಗಳಲ್ಲಿ, ಇಂಥದೇ ವದಂತಿಗಳ ನಡುವೆ, ಬೆಂಗಳೂರಿನ ಚಾಮರಾಜಪೇಟೆಯಲ್ಲಿ ರಾಜಸ್ಥಾನದ ಯುವಕನೊಬ್ಬ ಗುಂಪಿನ ಹೊಡೆತಕ್ಕೆ ಬಲಿಯಾದ. ಜುಲೈ ೧೩ರಂದು ಬೀದರ ಜಿಲ್ಲೆಯಲ್ಲಿ, ಹೈದರಾಬಾದಿನಿಂದ ಬಂದಿದ್ದ ಸ್ನೇಹಿತರ ತಂಡವೊಂದು ಮಕ್ಕಳಿಗೆ ಚಾಕೊಲೇಟು ಹಂಚಿದ್ದೇ ಸಂದೇಹಕ್ಕೆ ಕಾರಣವಾಯಿತು. ಅವರ ಕಾರಿಗಿಂತ ಮೊದಲೇ ಸುದ್ದಿ ಮುಂದಿನ ಊರಾದ ಮುರ್ಕಿಯನ್ನು ತಲಪಿತ್ತು. ಅಲ್ಲಿ ದಾರಿಗೆ ಅಡ್ಡಗಟ್ಟಿದ ಜನ ಒಬ್ಬ ತರುಣ ಎಂಜಿನಿಯರನನ್ನು ಹೊಡೆದು ಕೊಂದರು.

ಅದೇ ತಿಂಗಳು ವಾಟ್ಸಾಪ್ ಕಂಪೆನಿ, ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದು ಕಡೆಗೆ ಮಾತ್ರ ಕಳುಹಿಸಬಹುದೆಂಬ ಮಿತಿಯನ್ನು ಪ್ರಕಟಿಸಿತು. ಒಳ್ಳೆಯದೇ. ಆದರೆ ಆ ಐದು ಕಡೆಗೆ ಕಳುಹಿಸುವ ಬೆರಳಿಗೆ ವಿವೇಕವನ್ನು ಕಲಿಸುವವರಾರು?

ಶಾಲೆಯೇ ಕಲಿಸಬಹುದೆಂದು ತೋರಿಸಿದುದು ಕೊಡಗಿನ ನೆರೆಯ ಕಣ್ಣೂರು ಜಿಲ್ಲೆ. ದಡಾರ-ರುಬೆಲ್ಲಾ ಲಸಿಕೆಯ ವಿಷಯವಾಗಿ ೨೦೧೭ರಲ್ಲಿ ಹಬ್ಬಿದ ಸುಳ್ಳು ಸಂದೇಶಗಳಿಂದ ಅಲ್ಲಿ ಅನೇಕ ತಂದೆತಾಯಿಗಳು ಮಕ್ಕಳಿಗೆ ಲಸಿಕೆ ಹಾಕಿಸಲು ಹಿಂಜರಿದಿದ್ದರು. ಜಿಲ್ಲಾಧಿಕಾರಿಯಾಗಿದ್ದ ಮೀರ್ ಮುಹಮ್ಮದ್ ಅಲಿ ಅವರು ೨೦೧೮ರಲ್ಲಿ ಸುಮಾರು ೧೫೦ ಸರ್ಕಾರಿ ಶಾಲೆಗಳಲ್ಲಿ ‘ಸತ್ಯಮೇವ ಜಯತೇ’ ಎಂಬ ಪಾಠವನ್ನು ಆರಂಭಿಸಿದರು. ಫೋನನ್ನು ಕಸಿದುಕೊಳ್ಳುವ ಪಾಠವಲ್ಲ ಅದು. ಸುದ್ದಿಯ ಮೂಲ ಯಾವುದು, ಓದುಗನನ್ನು ಸೆಳೆಯಲೆಂದೇ ಹೆಣೆದ ತಲೆಬರಹ ಎಂಥದು, ಮೆಚ್ಚಿದುದನ್ನೇ ಮತ್ತೆ ಮತ್ತೆ ಮುಂದಿಡುವ ಜಾಲತಾಣದ ಜಾಣತನವೆಂಥದು ಎಂಬುದನ್ನು ಶಿಕ್ಷಕರು ವಿವರಿಸಿದರು. ಹುಡುಗರು ಪ್ರಶ್ನೆ ಕೇಳುವುದನ್ನು ಕಲಿಯಬೇಕೆಂಬುದೇ ಇದರ ಉದ್ದೇಶ.

ಪ್ರಶ್ನೆ ಮನೆಗೂ ಬರುತ್ತದೆಯಷ್ಟೆ! ಸಕಲ ರೋಗಗಳಿಗೂ ಮದ್ದಾದ ಕಷಾಯವೊಂದನ್ನು ದೊಡ್ಡಪ್ಪನವರು ಮುಂಜಾನೆಯೇ ಬಂಧುಬಳಗಕ್ಕೆಲ್ಲ ಹಂಚಿದಾಗ, ‘ಇದನ್ನು ಹೇಳಿದ ವೈದ್ಯರು ಯಾರು?’ ಎಂದು ಹತ್ತನೆಯ ತರಗತಿಯ ಹುಡುಗಿ ಕೇಳಿದರೆ ಅದನ್ನು ಉದ್ಧಟತನವೆನ್ನುವ ಮನೆಗಳೇ ಹೆಚ್ಚು. ಹಾಗೆನ್ನುವುದು ನ್ಯಾಯವಲ್ಲ. ಹಿರಿಯರಿಗೆ ಉತ್ತರ ತಿಳಿಯದಿದ್ದರೆ ಇಬ್ಬರೂ ಕೂಡಿ ಹುಡುಕಬಹುದು.

ಹುಡುಕುವುದಕ್ಕೂ ಒಂದು ಕ್ರಮವುಂಟು. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸ್ಯಾಮ್ ವೈನ್‌ಬರ್ಗ್ ಮತ್ತು ಸಾರಾ ಮೆಗ್ರೂ ೨೦೧೭ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ೪೫ ಮಂದಿ ಇದ್ದರು: ೧೦ ಇತಿಹಾಸಜ್ಞರು, ೨೫ ವಿದ್ಯಾರ್ಥಿಗಳು, ಪತ್ರಿಕೆಗಳಿಗಾಗಿ ಸುದ್ದಿಯ ಸತ್ಯಾಸತ್ಯವನ್ನು ಪರೀಕ್ಷಿಸುವ ೧೦ ಮಂದಿ. ಪಂಡಿತರೂ ವಿದ್ಯಾರ್ಥಿಗಳೂ ಹಲವು ವೇಳೆ ಪುಟದ ಅಂದಕ್ಕೆ, ಗಂಭೀರವಾದ ಹೆಸರಿಗೆ ಮಾರುಹೋದರು. ಪರೀಕ್ಷಕರಾದರೋ ಆ ಪುಟದಲ್ಲಿ ಹೆಚ್ಚು ಹೊತ್ತು ನಿಲ್ಲಲೇ ಇಲ್ಲ. ಅದನ್ನು ಬರೆದವರ ಬಗ್ಗೆ ಅನ್ಯರು ಏನೆನ್ನುವರೆಂದು ಹೊರಗೆ ಹೋಗಿ ವಿಚಾರಿಸಿದರು. ವಧೂವರರ ಮನೆತನವನ್ನು ನೆರೆಹೊರೆಯವರಲ್ಲಿ ವಿಚಾರಿಸುವ ಗೃಹಿಣಿಯರಿಗೆ ಇದೇನೂ ಹೊಸದಲ್ಲ.

ಚಿತ್ರಗಳ ಸಂಗತಿಯೂ ಹಾಗೆಯೇ. ತುಣುಕಿನ ಒಂದು ದೃಶ್ಯವನ್ನು ನಿಲ್ಲಿಸಿ, ಗೂಗಲ್‌ನ ಚಿತ್ರಶೋಧಕ್ಕೆ ಒಪ್ಪಿಸಿದರೆ ಅದು ಮೊದಲು ಎಲ್ಲೆಲ್ಲಿ ಕಾಣಿಸಿತ್ತೆಂಬುದು ಹಲವು ಸಲ ತಿಳಿದುಬರುತ್ತದೆ. ಕರಾಚಿಯ ಚಿತ್ರದಂಥದು ಹೀಗೆ ದೊರೆತಾಗ ವಿದ್ಯಾರ್ಥಿಯು ಅದನ್ನು ಕಂಡು ಸುಮ್ಮನಾಗಬೇಕಿಲ್ಲ. ತುಣುಕು ಬಂದ ಗುಂಪಿಗೇ ಪೂರ್ಣ ಚಿತ್ರವನ್ನು, ಯಾರನ್ನೂ ಹೀಯಾಳಿಸದ ಎರಡು ಸಾಲಿನ ವಿವರಣೆಯೊಡನೆ, ಫಲಕ ಕಾಣುವ ಕೊನೆಯ ಭಾಗ ಸಮೇತ ಹಿಂದಿರುಗಿಸಬಹುದು.