ಮಾರಿದ ಮಿಕ್ಸರ್ ಮರಳಿ ಬಂದಾಗ: ಗೃಹೋಪಕರಣಗಳ ದೂರುಗಳೂ ವರ್ತಕರ ಹೊಣೆಯೂ

ಶಿಗ್ಗಾಂವ, ಸವಣೂರ, ಹಾನಗಲ್ಲ, ಹಿರೇಕೆರೂರ ಮುಂತಾದ ಪಟ್ಟಣಗಳ ಪೇಟೆಗಳಲ್ಲಿ ಗೃಹೋಪಯೋಗಿ ವಿದ್ಯುತ್ ಉಪಕರಣಗಳ ಅಂಗಡಿ ಇಂದು ವಿಶೇಷವೆನಿಸುವುದಿಲ್ಲ. ಮಿಕ್ಸರ್, ಗ್ರೈಂಡರ್, ಟಿ.ವಿ., ಫ್ರಿಜ್, ಗೀಸರ್, ಇಂಡಕ್ಷನ್ ಒಲೆ, ಮಕ್ಕಳ ವಿಡಿಯೋ ಗೇಮ್ ಇವೆಲ್ಲವೂ ಒಂದೇ ಸೂರಿನಡಿ ದೊರೆಯುತ್ತವೆ. ಆದರೆ ಇಲ್ಲಿಯ ವರ್ತಕನಿಗೆ ಸ್ಪರ್ಧೆ ಪಕ್ಕದ ಅಂಗಡಿಯವನಿಂದ ಮಾತ್ರವಲ್ಲ. ಶಿಗ್ಗಾಂವ ಪಟ್ಟಣವು ಹುಬ್ಬಳ್ಳಿ ಹಾಗೂ ಹಾವೇರಿಗಳ ನಡುವೆ ರಾಷ್ಟ್ರೀಯ ಹೆದ್ದಾರಿಯ ಮೇಲಿದೆ. ಗ್ರಾಹಕನು ಬಸ್ಸು ಹತ್ತಿದರೆ ಹುಬ್ಬಳ್ಳಿಯ ದೊಡ್ಡ ಮಳಿಗೆ. ಕೈಯಲ್ಲಿನ ಮೊಬೈಲ್ ತೆರೆದರೆ ಇಡೀ ದೇಶದ ಮಾರುಕಟ್ಟೆ. ಬೆಲೆಯಲ್ಲಿ ಇವರೊಂದಿಗೆ ಸೆಣಸುವುದು ಕಷ್ಟಸಾಧ್ಯ. ಸ್ಥಳೀಯ ವರ್ತಕನಲ್ಲಿ ಉಳಿದಿರುವ ಬಲವೆಂದರೆ, ವಸ್ತು ಕೆಟ್ಟಾಗ ಆತನು ಕೈಗೆ ಸಿಗುತ್ತಾನೆ ಎಂಬುದೊಂದೇ. ಹೀಗಿರುವಾಗ ಮರಳಿ ಬಂದ ವಸ್ತುವನ್ನು ಪೀಡೆಯೆಂದು ಭಾವಿಸುವ ವರ್ತಕನು ತನ್ನ ಏಕೈಕ ಬಂಡವಾಳವನ್ನೇ ಕೈಬಿಡುತ್ತಾನೆ.

ದೂರು ಬಂದಾಗ ಸಾಮಾನ್ಯವಾಗಿ ಎರಡು ಉತ್ತರಗಳು ಸಿದ್ಧವಾಗಿರುತ್ತವೆ. "ನಿಮ್ಮ ಊರಿನ ವೋಲ್ಟೇಜ್ ಸರಿಯಿಲ್ಲ" ಎಂಬುದು ಅಂಗಡಿಯ ಉತ್ತರ. "ಬಳಕೆಯಲ್ಲಿ ತಪ್ಪಾಗಿದೆ" ಎಂಬುದು ಕಂಪನಿಯ ಉತ್ತರ. ಎರಡರಲ್ಲಿಯೂ ಕೆಲವೊಮ್ಮೆ ಸತ್ಯಾಂಶವಿರುತ್ತದೆ. ಆದರೆ ಪರೀಕ್ಷಿಸದೆ ನೀಡಿದ ಉತ್ತರವು ನೆಪವೇ ಹೊರತು ಕಾರಣವಲ್ಲ. ಯಾವ ದೋಷ ಎಲ್ಲಿಂದ ಹುಟ್ಟುತ್ತದೆ ಎಂಬುದನ್ನು ತಿಳಿದುಕೊಂಡರೆ ಅರ್ಧದಷ್ಟು ಜಗಳಗಳು ಗಲ್ಲೆಯ ಬಳಿಯೇ ಬಗೆಹರಿಯಬಲ್ಲವು.

ಅಡುಗೆಮನೆಯ ಹೊರೆ

ಮಿಕ್ಸರಿನ ಚರಿತ್ರೆಯೇ ಈ ವಿಷಯದಲ್ಲಿ ಬೋಧಪ್ರದವಾಗಿದೆ. ಆರಂಭದಲ್ಲಿ ನಮ್ಮ ದೇಶಕ್ಕೆ ಬಂದ ವಿದೇಶಿ ಮಿಕ್ಸರುಗಳು ಹಣ್ಣಿನ ರಸ, ಮೆತ್ತನೆಯ ಹಿಟ್ಟುಗಳಿಗಾಗಿ ರೂಪುಗೊಂಡವು; ಮಸಾಲೆ ರುಬ್ಬುವುದು ಅವುಗಳ ಕೆಲಸವಾಗಿರಲಿಲ್ಲ. ಸೀಮೆನ್ಸ್ ಸಂಸ್ಥೆಯಲ್ಲಿ ಎಂಜಿನಿಯರರಾಗಿದ್ದ ಸತ್ಯಪ್ರಕಾಶ ಮಾಥುರ್ ಅವರ ಮನೆಯಲ್ಲಿ ಇಂಥ ಒಂದು ವಿದೇಶಿ ಮಿಕ್ಸರಿನ ಮೋಟಾರು ಸುಟ್ಟುಹೋದುದೇ ಭಾರತೀಯ ಅಡುಗೆಗೆ ತಕ್ಕ ಯಂತ್ರದ ಹುಟ್ಟಿಗೆ ಕಾರಣವಾಯಿತು. 1963ರಲ್ಲಿ 'ಸುಮೀತ್' ಮಿಕ್ಸರ್ ಮಾರುಕಟ್ಟೆಗೆ ಬಂದಿತು. ಒಬ್ಬ ಗೃಹಿಣಿಯ ದೂರಿನಿಂದ ಒಂದು ಉದ್ದಿಮೆಯೇ ಹುಟ್ಟಿತೆಂಬುದನ್ನು ನಮ್ಮ ಸಣ್ಣ ಉತ್ಪಾದಕರು ಅವಶ್ಯ ಗಮನಿಸಬೇಕು.

ಆ ದೂರು ನಮ್ಮ ಭಾಗದಲ್ಲಿ ಇನ್ನೂ ಪೂರ್ತಿ ತೀರಿಲ್ಲ. ಇಡ್ಲಿ, ದೋಸೆಗಳ ಹಿಟ್ಟು ರುಬ್ಬುವ ಅಡುಗೆಮನೆಗೂ, ಜೋಳದ ರೊಟ್ಟಿಯೊಂದಿಗೆ ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಅಗಸಿ ಚಟ್ನಿಗಳನ್ನು ಉಣ್ಣುವ ಅಡುಗೆಮನೆಗೂ ಅಂತರವಿದೆ. ಹಸಿ ರುಬ್ಬುವಾಗ ನೀರು ಜಾರನ್ನು ತಂಪಾಗಿಡುತ್ತದೆ. ಒಣ ಪುಡಿ ಮಾಡುವಾಗ ಆ ಅನುಕೂಲವಿಲ್ಲ. ಶೇಂಗಾದ ಎಣ್ಣೆ ಬಿಟ್ಟುಕೊಂಡು ಪುಡಿಯು ಮುದ್ದೆಗಟ್ಟಿದಾಗ ಬ್ಲೇಡು ಬಿಗಿಹಿಡಿಯುತ್ತದೆ, ಮೋಟಾರು ಹೆಚ್ಚು ವಿದ್ಯುತ್ತನ್ನು ಎಳೆಯುತ್ತದೆ. ಬ್ಯಾಡಗಿ ಮೆಣಸಿನಕಾಯಿಯ ನೆರಳಿನಲ್ಲೇ ಇರುವ ಜಿಲ್ಲೆ ನಮ್ಮದು. ವರ್ಷದ ಖಾರದ ಪುಡಿಯನ್ನು ಗಿರಣಿಯಲ್ಲಿ ಹಾಕಿಸುವ ರೂಢಿ ಇದ್ದರೂ ತಿಂಗಳಿಗೆ ಬೇಕಾದಷ್ಟನ್ನು ಮನೆಯಲ್ಲಿಯೇ ಮಾಡಿಕೊಳ್ಳುವವರು ಇದ್ದಾರೆ. ಮಿಕ್ಸರಿನ ತಳದ ಚೀಟಿಯಲ್ಲಿ '30 ನಿಮಿಷ' ಎಂದು ಬರೆದಿರುವುದನ್ನು ಓದಿ, ಅರ್ಧ ತಾಸು ಬಿಡದೆ ಓಡಿಸಬಹುದೆಂದು ತಿಳಿಯುವವರೂ ಇದ್ದಾರೆ. ಅದು ಕೆಲವು ನಿಮಿಷ ಓಟ, ಕೆಲವು ನಿಮಿಷ ಬಿಡುವು ಎಂಬ ಸರದಿಯ ಒಟ್ಟು ಅವಧಿಯೆಂದು ಕೈಪಿಡಿಯಲ್ಲಿ ಇರುತ್ತದೆ. ಕೈಪಿಡಿಯು ಪೆಟ್ಟಿಗೆಯಿಂದ ಹೊರಬರುವುದೇ ಇಲ್ಲ. ಮಾರುವಾಗ ಈ ಒಂದು ಮಾತನ್ನು ಕನ್ನಡದಲ್ಲಿ ಹೇಳಲು ಅರ್ಧ ನಿಮಿಷ ಸಾಕು.

'ಸತ್ತುಹೋಯಿತು' ಎಂದು ಚೀಲದಲ್ಲಿ ಹೊತ್ತು ತರುವ ಮಿಕ್ಸರುಗಳನ್ನು ಬಿಚ್ಚುವ ಮೊದಲು ತಳಭಾಗದ ಚಿಕ್ಕ ಕೆಂಪು ಗುಂಡಿಯನ್ನು ನೋಡಬೇಕು. ಹೊರೆ ಹೆಚ್ಚಾದಾಗ ತಾನೇ ಸಂಪರ್ಕ ಕಡಿಯುವ ರಕ್ಷಣಾ ಸ್ವಿಚ್ ಅದು. ಯಂತ್ರ ತಣ್ಣಗಾದ ಮೇಲೆ ಒತ್ತಿದರೆ ಮತ್ತೆ ಓಡುತ್ತದೆ. ಮೇಲಿನ ರಬ್ಬರಿನ ಕಪ್ಲರ್ ಹಲ್ಲು ಕಳೆದುಕೊಂಡಿದ್ದರೆ ಅದನ್ನೂ ದೋಷವೆನ್ನಲಾಗದು. ಮೋಟಾರನ್ನು ಉಳಿಸಲು ತಾನು ಸವೆಯುವಂತೆಯೇ ಅದನ್ನು ಮಾಡಿರುತ್ತಾರೆ. ಕಾರ್ಬನ್ ಬ್ರಶ್‌ಗಳೂ ಸವೆಯುವ ಭಾಗಗಳೇ. ಈ ಮೂರನ್ನು ತಿಳಿದವನು ಗ್ರಾಹಕನನ್ನು ಅದೇ ದಿನ ಸಂತೋಷದಿಂದ ಕಳುಹಿಸಬಲ್ಲನು. ಆದರೆ ಸುತ್ತಿಗೆಯ ತಂತಿ ತಾಮ್ರದ ಬದಲು ಅಲ್ಯೂಮಿನಿಯಂ ಆಗಿದ್ದರೆ ಮಾತು ಬೇರೆ. ಅಲ್ಯೂಮಿನಿಯಂನ ವಾಹಕತೆಯು ತಾಮ್ರದ ಸುಮಾರು ಶೇ. 61ರಷ್ಟು ಮಾತ್ರ. ಅಗ್ಗದ ಯಂತ್ರವನ್ನು 'ತಾಮ್ರದ್ದು' ಎಂದು ಹೇಳಿ ಮಾರಿದರೆ, ಅದು ಸುಟ್ಟ ದಿನ ಗ್ರಾಹಕನ ಬಳಕೆಯನ್ನು ದೂರುವ ನೈತಿಕ ಹಕ್ಕು ಮಾರಾಟಗಾರನಿಗೆ ಇರುವುದಿಲ್ಲ.

ವೋಲ್ಟೇಜ್ ಎಂಬ ನೆಪ, ವೋಲ್ಟೇಜ್ ಎಂಬ ಸತ್ಯ

1956ರ ಭಾರತೀಯ ವಿದ್ಯುಚ್ಛಕ್ತಿ ನಿಯಮಗಳು ಮನೆಬಳಕೆಯ ಪೂರೈಕೆಯಲ್ಲಿ ಶೇ. 6ರಷ್ಟು ಏರಿಳಿತವನ್ನು ಮಾತ್ರ ಒಪ್ಪಿದ್ದವು. 230 ವೋಲ್ಟಿಗೆ ಈ ಲೆಕ್ಕ ಹಾಕಿದರೆ 216ರಿಂದ 244ರ ಒಳಗೆ ಇರಬೇಕು. 2002ರಿಂದ ಹುಬ್ಬಳ್ಳಿ ವಿದ್ಯುತ್ ಸರಬರಾಜು ಕಂಪನಿಯು ನಮ್ಮ ಜಿಲ್ಲೆಗೆ ವಿದ್ಯುತ್ ಪೂರೈಸುತ್ತಿದೆ. ಪಂಪ್‌ಸೆಟ್ಟುಗಳ ಹೊರೆಯನ್ನು ಹಳ್ಳಿಯ ಮನೆಗಳ ಮಾರ್ಗದಿಂದ ಬೇರ್ಪಡಿಸುವ 'ನಿರಂತರ ಜ್ಯೋತಿ' ಯೋಜನೆಯ ಉದ್ದೇಶವೇ ಹಳ್ಳಿಯ ಮನೆಗಳಿಗೆ ಸ್ಥಿರವಾದ ವಿದ್ಯುತ್ ದೊರಕಿಸುವುದಾಗಿತ್ತು. ಹಾಗಿದ್ದರೂ ಮಾರ್ಗದ ತುದಿಯಲ್ಲಿರುವ ಮನೆಗೂ ಟ್ರಾನ್ಸ್‌ಫಾರ್ಮರಿನ ಬುಡದಲ್ಲಿರುವ ಮನೆಗೂ ಅಂತರ ಇದ್ದೇ ಇರುತ್ತದೆ.

ವೋಲ್ಟೇಜ್ ಕುಸಿದಾಗ ಎಲ್ಲ ಉಪಕರಣಗಳೂ ಒಂದೇ ರೀತಿ ವರ್ತಿಸುವುದಿಲ್ಲ. ಕಾಯಿಲ್ ಇರುವ ಗೀಸರಿನ ಶಕ್ತಿಯು ವೋಲ್ಟೇಜಿನ ವರ್ಗಕ್ಕೆ ಅನುಗುಣವಾಗಿ ಇಳಿಯುತ್ತದೆ. 230 ವೋಲ್ಟಿನಲ್ಲಿ 2000 ವ್ಯಾಟ್ ಇರುವ ಗೀಸರ್ 180 ವೋಲ್ಟಿನಲ್ಲಿ ಸುಮಾರು 1225 ವ್ಯಾಟಿಗೆ ಬರುತ್ತದೆ. "ನೀರು ಕಾಯುವುದೇ ಇಲ್ಲ" ಎಂಬ ದೂರಿಗೆ ಇದೇ ಕಾರಣವಾಗಿರಬಹುದು, ಗೀಸರ್ ಕೆಟ್ಟಿರುವುದಿಲ್ಲ. ವೆಟ್ ಗ್ರೈಂಡರ್ ಹಾಗೂ ಸಾಮಾನ್ಯ ಫ್ರಿಜ್‌ಗಳ ಇಂಡಕ್ಷನ್ ಮೋಟಾರಿನ ಸ್ಥಿತಿ ಹೆಚ್ಚು ಗಂಭೀರ. ಅಲ್ಲಿ ತಿರುಗಿಸುವ ಬಲವೇ ಅದೇ ಪ್ರಮಾಣದಲ್ಲಿ ತಗ್ಗುತ್ತದೆ, ಮೋಟಾರು ಹೊರಡಲಾರದೆ ಗುಂಯ್‌ಗುಡುತ್ತ ನಿಂತು ಕಾಯುತ್ತದೆ. ಅಂಥ ಫ್ರಿಜ್‌ಗೆ ಸ್ಟೆಬಿಲೈಸರ್ ಬೇಕು. ಇಂದಿನ ಬಹುತೇಕ ಎಲ್.ಇ.ಡಿ. ಟಿ.ವಿ.ಗಳು ಮಾತ್ರ 100ರಿಂದ 240 ವೋಲ್ಟಿನವರೆಗೆ ಕೆಲಸ ಮಾಡುವಂತೆ ರಚಿತವಾಗಿರುತ್ತವೆ. ಹಿಂಬದಿಯ ಚೀಟಿಯಲ್ಲಿ ಅದು ಮುದ್ರಿತವಾಗಿರುತ್ತದೆ. ಅಂಥ ಟಿ.ವಿ.ಗೆ ಕಡಿಮೆ ವೋಲ್ಟೇಜಿನ ಭಯ ತೋರಿಸಿ ಸ್ಟೆಬಿಲೈಸರ್ ಅಂಟಿಸುವುದು ವ್ಯಾಪಾರ ಜಾಣ್ಮೆಯೆನಿಸಬಹುದು, ಆದರೆ ಗ್ರಾಹಕನ ಮಗ ಚೀಟಿ ಓದಬಲ್ಲ ಕಾಲವಿದು.

ಗ್ರಾಹಕರಲ್ಲಿ ಇನ್ನೊಂದು ಲೆಕ್ಕಾಚಾರವೂ 2023ರಿಂದ ಶುರುವಾಗಿದೆ. 'ಗೃಹ ಜ್ಯೋತಿ' ಯೋಜನೆಯಡಿ ಹಿಂದಿನ ಸರಾಸರಿ ಬಳಕೆಯ ಆಧಾರದ ಮೇಲೆ, 200 ಯೂನಿಟ್ ಮೀರದಂತೆ, ಉಚಿತ ವಿದ್ಯುತ್ ದೊರೆಯುತ್ತದೆ. 200 ದಾಟಿದರೆ ಪೂರ್ಣ ಬಿಲ್ಲು. "ಈ ಮಿಕ್ಸರ್ ಕರೆಂಟು ಎಷ್ಟು ತಿನ್ನುತ್ತದೆ?" ಎಂಬುದು ಆದ್ದರಿಂದ ಲಘುವಾದ ಪ್ರಶ್ನೆಯಲ್ಲ. 750 ವ್ಯಾಟಿನ ಮಿಕ್ಸರನ್ನು ದಿನಕ್ಕೆ ಕಾಲು ತಾಸು ಓಡಿಸಿದರೂ ತಿಂಗಳಿಗೆ ಆರು ಯೂನಿಟ್ ಆಗುವುದಿಲ್ಲ; 2000 ವ್ಯಾಟಿನ ಗೀಸರನ್ನು ದಿನಕ್ಕೆ ಒಂದು ತಾಸು ಉರಿಸಿದರೆ 60 ಯೂನಿಟ್. ಮೊದಲ ತಿಂಗಳ ಬಿಲ್ಲು ಕಂಡು ಅಂಗಡಿಗೆ ಬರುವ ಸಿಟ್ಟನ್ನು ಮಾರುವಾಗಲೇ ಈ ಲೆಕ್ಕ ಹೇಳಿ ತಪ್ಪಿಸಬಹುದು.

ಪ್ಲಗ್ ಬದಲಾಯಿಸುವ ಉಪಕಾರ

2000 ವ್ಯಾಟಿನ ಇಂಡಕ್ಷನ್ ಒಲೆಯು 230 ವೋಲ್ಟಿನಲ್ಲಿ ಸುಮಾರು 8.7 ಆಂಪಿಯರ್ ಎಳೆಯುತ್ತದೆ. ಆದ್ದರಿಂದಲೇ ಅದಕ್ಕೆ 16 ಆಂಪಿಯರಿನ ದಪ್ಪ ಪ್ಲಗ್. ಮನೆಯಲ್ಲಿ 6 ಆಂಪಿಯರಿನ ಸಾಕೆಟ್ಟು ಮಾತ್ರ ಇದೆಯೆಂದು ಗ್ರಾಹಕನು ಕೇಳುತ್ತಾನೆ, ಅಂಗಡಿಯ ಹುಡುಗನು ದಾಕ್ಷಿಣ್ಯಕ್ಕಾಗಿ ಚಿಕ್ಕ ಪ್ಲಗ್ ಹಾಕಿಕೊಡುತ್ತಾನೆ. ಕೆಲವೆಡೆ ಭೂಸಂಪರ್ಕದ ಮೂರನೆಯ ಕಡ್ಡಿಯನ್ನೇ ಕತ್ತರಿಸುವುದುಂಟು. ಸಾಕೆಟ್ಟು ಕರಗುವುದು, ಗೀಸರಿನ ನೀರಿನಲ್ಲಿ ವಿದ್ಯುತ್ ಸ್ಪರ್ಶವಾಗುವುದು ಇಂಥ ಉಪಕಾರಗಳ ಫಲ. ಜೀವಹಾನಿಯ ಮಾತು ಒತ್ತಟ್ಟಿಗಿರಲಿ (ಅದೇ ಎಲ್ಲಕ್ಕಿಂತ ದೊಡ್ಡದು), ಕಾನೂನಿನ ದೃಷ್ಟಿಯಿಂದಲೂ ಇದು ವರ್ತಕನ ಕುತ್ತಿಗೆಗೆ ಬರುತ್ತದೆ. 2019ರ ಗ್ರಾಹಕ ಸಂರಕ್ಷಣಾ ಅಧಿನಿಯಮವು 2020ರ ಜುಲೈ 20ರಿಂದ ಜಾರಿಗೆ ಬಂದಿದ್ದು, ಅದರ 86ನೇ ಕಲಮಿನ ಪ್ರಕಾರ ವಸ್ತುವನ್ನು ಮಾರ್ಪಡಿಸಿ ಮಾರಿದವನು, ಆ ಮಾರ್ಪಾಡೇ ಹಾನಿಗೆ ಪ್ರಮುಖ ಕಾರಣವಾದಲ್ಲಿ, ತಯಾರಕನಲ್ಲದಿದ್ದರೂ ಹೊಣೆಗಾರನಾಗುತ್ತಾನೆ. ತಯಾರಕನ ವಾರಂಟಿಗೆ ಹೊರತಾಗಿ ತಾನೇ ಭರವಸೆ ಕೊಟ್ಟವನೂ ಹಾಗೆಯೇ. ಬಿಲ್ಲಿನ ಮೂಲೆಯಲ್ಲಿ ಪೆನ್ನಿನಿಂದ 'ಐದು ವರ್ಷ ಗ್ಯಾರಂಟಿ' ಎಂದು ಗೀಚುವ ರೂಢಿಯುಳ್ಳ ಮಿತ್ರರು ಇದನ್ನು ಮನಗಾಣಬೇಕು.

ಹೆಸರಿಲ್ಲದ ಪೆಟ್ಟಿಗೆ

ವಿಡಿಯೋ ಗೇಮಿನ ವ್ಯಾಪಾರ ಚಿಕ್ಕದು, ತಂಟೆ ದೊಡ್ಡದು. ಜಪಾನಿನ ನಿಂಟೆಂಡೊ ಸಂಸ್ಥೆಯು 1983ರಲ್ಲಿ ಹೊರತಂದ 'ಫ್ಯಾಮಿಕಾಮ್' ಯಂತ್ರದ ಅಗ್ಗದ ನಕಲುಗಳೇ ನಮ್ಮಲ್ಲಿ 'ಟಿ.ವಿ. ಗೇಮ್' ಎಂಬ ಹೆಸರಿನಿಂದ ಮನೆಮಾತಾದವು. ಪೆಟ್ಟಿಗೆಯ ಮೇಲೆ '9999 ಆಟಗಳು' ಎಂದಿರುತ್ತದೆ. ಒಳಗೆ ಕೆಲವೇ ಆಟಗಳು ಬೇರೆ ಬೇರೆ ಹೆಸರು ಹೊತ್ತು ಸುತ್ತುತ್ತಿರುತ್ತವೆ. ಮಗು ಎರಡನೆಯ ದಿನವೇ ಇದನ್ನು ಕಂಡುಹಿಡಿಯುತ್ತದೆ, ತಂದೆ ಮೂರನೆಯ ದಿನ ಅಂಗಡಿಗೆ ಬರುತ್ತಾನೆ. ಅಡಾಪ್ಟರ್ ಕೆಟ್ಟಾಗ ಕೈಗೆ ಸಿಕ್ಕಿದ್ದನ್ನು ಕೊಟ್ಟರೆ ಇನ್ನೊಂದು ಅನಾಹುತ. ಪಿನ್ನು ಹೊಂದಿದ ಮಾತ್ರಕ್ಕೆ ಧನ, ಋಣ ಧ್ರುವಗಳು ಹೊಂದುತ್ತವೆ ಎಂದಲ್ಲ. ಒಳಗಿನ ಪಿನ್ನು ಕೆಲವದರಲ್ಲಿ ಧನ, ಕೆಲವದರಲ್ಲಿ ಋಣ. ಚೀಟಿಯ ಮೇಲಿನ ಚಿಕ್ಕ ಚಿತ್ರದಲ್ಲಿ ಅದನ್ನು ತೋರಿಸಿರುತ್ತಾರೆ.

2012ರ ಕೇಂದ್ರ ಸರಕಾರದ ಆದೇಶದಂತೆ ಭಾರತೀಯ ಮಾನಕ ಬ್ಯೂರೋದ ಕಡ್ಡಾಯ ನೋಂದಣಿಗೆ ಒಳಪಟ್ಟ ಮೊದಲ ಪಟ್ಟಿಯಲ್ಲಿಯೇ ವಿಡಿಯೋ ಗೇಮ್, ಮೈಕ್ರೋವೇವ್ ಓವನ್‌ಗಳಿದ್ದವು. ಮುಂದೆ ಅಡಾಪ್ಟರುಗಳೂ ಸೇರಿದವು. ನೋಂದಾಯಿತ ವಸ್ತುವಿನ ಮೇಲೆ 'ಆರ್' ಅಕ್ಷರದಿಂದ ಆರಂಭವಾಗುವ ಸಂಖ್ಯೆ ಇರುತ್ತದೆ. ತಯಾರಕ ಅಥವಾ ಆಮದುದಾರನ ಹೆಸರು, ವಿಳಾಸ, ಗರಿಷ್ಠ ಮಾರಾಟ ಬೆಲೆ ಇಲ್ಲದ ಪೆಟ್ಟಿಗೆಯು ಲಾಭದಲ್ಲಿ ನಾಲ್ಕು ರೂಪಾಯಿ ಹೆಚ್ಚು ತರಬಹುದು. ಆದರೆ ಅದರಿಂದ ಮಗುವಿಗೆ ಅಪಾಯವಾದಾಗ ತಯಾರಕನು ಯಾರೆಂದು ತಿಳಿಯದಿದ್ದರೆ ಮೇಲೆ ಹೇಳಿದ 86ನೇ ಕಲಮೇ ಮಾರಾಟಗಾರನನ್ನು ಮುಂದೆ ನಿಲ್ಲಿಸುತ್ತದೆ.

'ಮಾರಿದ ಮಾಲು ಮರಳಿ ತೆಗೆದುಕೊಳ್ಳುವುದಿಲ್ಲ'

ಈ ಫಲಕವನ್ನು ಇನ್ನೂ ತೂಗುಹಾಕಿರುವವರು ಅದನ್ನು ಕೆಳಗಿಳಿಸುವುದು ಲೇಸು. ಬಿಲ್ಲು ಕೊಡದಿರುವುದು ಹಾಗೂ ದೋಷಯುಕ್ತ ವಸ್ತುವನ್ನು ಬಿಲ್ಲಿನಲ್ಲಿ ನಮೂದಿಸಿದ ಅವಧಿಯೊಳಗೆ, ಅವಧಿ ನಮೂದಿಸದಿದ್ದರೆ 30 ದಿನಗಳೊಳಗೆ, ಮರಳಿ ಪಡೆದು ಹಣ ಹಿಂತಿರುಗಿಸಲು ನಿರಾಕರಿಸುವುದು ಎರಡನ್ನೂ 2019ರ ಅಧಿನಿಯಮವು ಅನುಚಿತ ವ್ಯಾಪಾರ ಪದ್ಧತಿಗಳಲ್ಲಿ ಎಣಿಸಿದೆ. ಇಲ್ಲಿ 'ದೋಷಯುಕ್ತ' ಎಂಬ ಪದಕ್ಕೆ ತೂಕವಿದೆ. ಬಣ್ಣ ಹಿಡಿಸಲಿಲ್ಲ, ನೆರೆಮನೆಯವರು ಕಡಿಮೆ ಬೆಲೆಗೆ ತಂದರು ಎಂಬ ಕಾರಣಕ್ಕೆ ಮರಳಿ ಪಡೆಯಬೇಕೆಂದು ಕಾನೂನು ಹೇಳುವುದಿಲ್ಲ. ಅಂತೆಯೇ ಗ್ರಾಹಕನು ತಾನೇ ದುರ್ಬಳಕೆ ಮಾಡಿದ ಅಥವಾ ಮಾರ್ಪಡಿಸಿದ ವಸ್ತುವಿನಿಂದ ಆದ ಹಾನಿಗೆ 87ನೇ ಕಲಮು ಮಾರಾಟಗಾರನಿಗೆ ರಕ್ಷಣೆ ನೀಡುತ್ತದೆ. ಆದರೆ ರಕ್ಷಣೆ ಕೇಳುವವನ ಕೈಯಲ್ಲಿ ದಾಖಲೆ ಬೇಕು. ವಸ್ತು ಬಂದ ದಿನ, ಗ್ರಾಹಕ ಹೇಳಿದ ದೋಷ, ನಾವು ಕಂಡ ದೋಷ, ಅಳೆದ ವೋಲ್ಟೇಜ್, ಮಾಡಿದ ದುರಸ್ತಿ ಇಷ್ಟನ್ನು ಬರೆದು ಸಹಿ ಪಡೆಯುವ ಒಂದು ರಿಜಿಸ್ಟರ್ ಹಾಗೂ ಒಂದು ಸಾಧಾರಣ ಮಲ್ಟಿಮೀಟರ್ ಯಾವ ಅಂಗಡಿಗೂ ಭಾರವಾಗಲಾರವು.

ಸಣ್ಣ ಉತ್ಪಾದಕರು ತಿಳಿದಿರಬೇಕಾದ ಒಂದು ಮಾತು ಉಳಿದಿದೆ. ಹೊಸ ಅಧಿನಿಯಮದಲ್ಲಿ ಗ್ರಾಹಕನು ತಾನು ವಾಸಿಸುವ ಅಥವಾ ದುಡಿಯುವ ಸ್ಥಳದಲ್ಲಿಯೇ ದೂರು ಸಲ್ಲಿಸಬಹುದು. ಸ್ಟೆಬಿಲೈಸರನ್ನು ಹುಬ್ಬಳ್ಳಿಯಲ್ಲಿ ಮಾಡಲಿ, ಗ್ರೈಂಡರನ್ನು ಕೊಯಮತ್ತೂರಿನಲ್ಲಿ ಮಾಡಲಿ, ಶಿಗ್ಗಾಂವದ ಗ್ರಾಹಕನ ದೂರಿಗೆ ಹಾವೇರಿಯ ಜಿಲ್ಲಾ ಗ್ರಾಹಕರ ಆಯೋಗದಲ್ಲಿ ಉತ್ತರಿಸಬೇಕಾಗುತ್ತದೆ. ಐದು ಲಕ್ಷ ರೂಪಾಯಿಗಳವರೆಗಿನ ವಸ್ತುವಿಗೆ ದೂರುದಾರನು ಶುಲ್ಕವನ್ನೂ ಕಟ್ಟಬೇಕಾಗಿಲ್ಲ. ಎದುರುದಾರನಿಗೆ ಉತ್ತರ ಸಲ್ಲಿಸಲು 30 ದಿನ, ಆಯೋಗವು ಒಪ್ಪಿದರೆ ಇನ್ನು 15 ದಿನ ಮಾತ್ರ. ಈ 45 ದಿನಗಳ ಮಿತಿಯನ್ನು ಮೀರಿ ಅವಕಾಶ ಕೊಡುವ ಅಧಿಕಾರ ಆಯೋಗಕ್ಕಿಲ್ಲವೆಂದು ಸರ್ವೋಚ್ಚ ನ್ಯಾಯಾಲಯದ ಸಂವಿಧಾನ ಪೀಠವು ಹಳೆಯ ಅಧಿನಿಯಮದ ಇಂಥದೇ ಉಪಬಂಧವನ್ನು ಅರ್ಥೈಸುತ್ತ 2020ರ ಮಾರ್ಚ್ 4ರಂದು ತೀರ್ಪು ನೀಡಿದೆ. ದೂರಿನ ಪ್ರತಿಯೊಂದಿಗೆ ನೋಟೀಸು ಕೈಸೇರಿದ ದಿನದಿಂದ ಈ ಲೆಕ್ಕ ಶುರುವಾಗುವುದರಿಂದ, ಬಂದ ತಾರೀಖನ್ನು ಲಕೋಟೆಯ ಮೇಲೆಯೇ ಬರೆದು, ಲಕೋಟೆಯನ್ನು ಎಸೆಯದೆ, ಅದೇ ವಾರ ವಕೀಲರಿಗೆ ತಲುಪಿಸತಕ್ಕದ್ದು.